ಒತ್ತಕ್ಷರದ ಎದುರು ಪರದೆ: ಓದಿನ ತೊಡಕುಳ್ಳ ಕನ್ನಡ ಮಕ್ಕಳು ಮತ್ತು ತರಗತಿಯ ತಂತ್ರಜ್ಞಾನ

ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಯಾವ ಆ್ಯಪ್ ಒಳ್ಳೆಯದು, ಟ್ಯಾಬ್ ಕೊಟ್ಟರೆ ಅನುಕೂಲವೇ, ಸ್ಮಾರ್ಟ್ ಬೋರ್ಡಿನಿಂದ ಏನಾದರೂ ಪ್ರಯೋಜನ ಉಂಟೇ ಎಂಬ ಪ್ರಶ್ನೆಗಳು ಶಿಕ್ಷಕರ ತರಬೇತಿಗಳಲ್ಲಿ ಪದೇ ಪದೇ ಏಳುತ್ತವೆ. ಉತ್ತರವಾಗಿ ಸಿಗುವುದು ಬಹುಮಟ್ಟಿಗೆ ಇಂಗ್ಲಿಷ್ ಓದಿನ ಸುತ್ತ ಬೆಳೆದ ಸಾಧನಗಳ ಪಟ್ಟಿ. ಆ ಪಟ್ಟಿಯನ್ನು ಕನ್ನಡ ಮಾಧ್ಯಮದ ಮೂರನೇ ತರಗತಿಗೆ ತಂದಿಟ್ಟರೆ ಯಾವುದು ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ಚರ್ಚೆಯನ್ನು ಓದಿನ ತೊಡಕಿಗೆ, ಅಂದರೆ ಡಿಸ್ಲೆಕ್ಸಿಯಾಕ್ಕೆ, ಮಿತಿಗೊಳಿಸಿದ್ದೇನೆ. ಲೆಕ್ಕದ ತೊಡಕನ್ನು ಪೂರ್ತಿ ಕೈಬಿಟ್ಟಿದ್ದೇನೆ. ಬರವಣಿಗೆಯ ತೊಡಕನ್ನು ಒಂದು ಕಡೆ ಮಾತ್ರ ಮುಟ್ಟಿದ್ದೇನೆ.

ಕಾನೂನಿನ ನೆಲೆ ಸ್ಪಷ್ಟವಾಗಿಯೇ ಇದೆ. 1995ರ ಕಾಯ್ದೆ ಗುರುತಿಸಿದ್ದ ಏಳು ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿದಾಗ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಳಗೆ ಬಂತು. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಕೈಗೊಳ್ಳಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ನೆರವಿನ ಸಾಧನಗಳನ್ನು ಉಚಿತವಾಗಿ ಕೊಡಬೇಕೆಂಬುದು 17ನೇ ಸೆಕ್ಷನ್ನಿನ ಮಾತು. ಹಾಗಾಗಿ ಸಾಧನ ಕೊಡುವುದು ದಾನವಲ್ಲ, ಹೊಣೆ. ಆದರೆ ಯಾವ ಸಾಧನ ಎಂದು ಕಾಯ್ದೆ ಹೇಳುವುದಿಲ್ಲ. ಹೇಳಬೇಕಾದವರು ಓದನ್ನು ಬಲ್ಲವರು.

ಮಗು ಎಡವುವುದು ಎಲ್ಲಿ?

ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ಅಕ್ಷರಗಳು ಕಡಿಮೆ, ಆದರೆ ಅಕ್ಷರಕ್ಕೂ ಉಚ್ಚಾರಕ್ಕೂ ಇರುವ ನಂಟು ನೆಚ್ಚುವಂಥದ್ದಲ್ಲ. ಕನ್ನಡದ್ದು ತಿರುವುಮುರುವು. ಬರೆದಂತೆ ಓದುವುದು ಬಹುಪಾಲು ನಡೆಯುತ್ತದೆ, ಆದರೆ ಮಗುವಿನ ಎದುರು ನಿಲ್ಲುವ ರೂಪಗಳ ರಾಶಿ ದೊಡ್ಡದು. ವರ್ಣಮಾಲೆಯ 49 ಅಕ್ಷರ ಕಲಿತರೆ ಮುಗಿಯಲಿಲ್ಲ. 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ 442 ಗುಣಿತಾಕ್ಷರ. ಅದರ ಮೇಲೆ ಒತ್ತಕ್ಷರಗಳು, ಅದರಲ್ಲೂ ಸಜಾತೀಯ, ವಿಜಾತೀಯ. ಬೆಂಗಳೂರಿನಲ್ಲಿದ್ದುಕೊಂಡು ಕನ್ನಡದ ಆರಂಭಿಕ ಓದನ್ನು ದೀರ್ಘಕಾಲ ಅಭ್ಯಸಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಮಾತು ಇದೇ: ಇಂಗ್ಲಿಷಿನಲ್ಲಿ ಅಕ್ಷರಜ್ಞಾನ ಮೊದಲೆರಡು ವರ್ಷದಲ್ಲಿ ಮುಗಿಯುವ ಹಂತವಾದರೆ, ಕನ್ನಡದಲ್ಲಿ ಅದು ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ. ‘ಮರ’ ಎಂಬಲ್ಲಿ ಎರಡು ಅಕ್ಷರವಿದೆ ಎಂದು ಮಗು ಬೇಗ ಹೇಳುತ್ತದೆ. ಅದರಲ್ಲಿ ಮ್, ಅ, ರ್, ಅ ಎಂಬ ನಾಲ್ಕು ಧ್ವನಿಗಳಿವೆ ಎಂದು ಹೇಳಲು ವರ್ಷಗಳು ಬೇಕು. ಇದು ಲಿಪಿಯ ಸ್ವಭಾವ, ಮಗುವಿನ ದೋಷವಲ್ಲ.

ಹಾಗಾದರೆ ನಿಜವಾದ ತೊಡಕುಳ್ಳ ಮಗು ಯಾವುದು? ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ 2011ರಲ್ಲಿ ಕನ್ನಡದ ದುರ್ಬಲ ಓದುಗರ ಬಗ್ಗೆ ಪ್ರಕಟಿಸಿದ ಲೇಖನದಲ್ಲಿ ಮೂರು ಕೊರತೆಗಳು ಎದ್ದು ಕಾಣುತ್ತವೆ: ಅಕ್ಷರಗಳ ಸಂಗ್ರಹ ಕಡಿಮೆ, ಧ್ವನಿಗಳನ್ನು ಮನಸ್ಸಿನಲ್ಲಿ ಬೇರ್ಪಡಿಸಿ ಕೂಡಿಸುವಲ್ಲಿ ಸೋಲು, ಕಂಡದ್ದನ್ನು ಥಟ್ಟನೆ ಹೆಸರಿಸುವಲ್ಲಿ ನಿಧಾನ. ಬರೆದಂತೆ ಓದುವ ಲಿಪಿಗಳಲ್ಲಿ ಡಿಸ್ಲೆಕ್ಸಿಯಾ ತಪ್ಪಾಗಿ ಅಲ್ಲ, ನಿಧಾನವಾಗಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನ್ ಮಕ್ಕಳ ಮೇಲೆ ಹೈನ್ಸ್ ವಿಮ್ಮರ್ 1993ರಷ್ಟು ಹಿಂದೆಯೇ ತೋರಿಸಿದ್ದರು. ಕನ್ನಡದ ಮಗುವಿನಲ್ಲಿ ನಿಧಾನವೂ ಉಂಟು, ಒತ್ತಕ್ಷರದ ಬಳಿ ತಪ್ಪೂ ಉಂಟು. ಸಾಲನ್ನು ತಡೆತಡೆದು, ಬೆರಳಿಟ್ಟು, ‘ಪು–ಸ್ತ–ಕ’ ಎಂದು ಕಷ್ಟಪಟ್ಟು ಸರಿಯಾಗಿಯೇ ಓದಿ ಮುಗಿಸುವ ಮಗು ಕೊನೆಗೆ ಸಾಲಿನ ಅರ್ಥವೇನೆಂದು ಕೇಳಿದರೆ ಸುಮ್ಮನಾಗುತ್ತದೆ. ಅಕ್ಷರ ಬಿಡಿಸುವುದರಲ್ಲೇ ಅದರ ಶಕ್ತಿಯೆಲ್ಲ ತೀರಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಶಿಕ್ಷಕರ ಮೊದಲ ತಪಾಸಣೆಯನ್ನು ಮೂರನೇ ತರಗತಿಗೆ, ಅಂದರೆ ಎಂಟು ವರ್ಷಕ್ಕೆ, ನಿಗದಿ ಮಾಡಿತು. ಕನ್ನಡದ ಸಾಮಾನ್ಯ ಮಗುವೂ ಆ ಹೊತ್ತಿಗೆ ಒತ್ತಕ್ಷರಗಳನ್ನು ಪೂರ್ತಿ ಗೆದ್ದಿರುವುದಿಲ್ಲ. ಆದ್ದರಿಂದ ಆ ವಯಸ್ಸಿನಲ್ಲಿ ಒತ್ತಕ್ಷರದ ತಪ್ಪನ್ನು ಮಾತ್ರ ನೋಡಿ ‘ಇದು ಡಿಸ್ಲೆಕ್ಸಿಯಾ’ ಎನ್ನುವುದು ಅವಸರ. ಸರಳ ಗುಣಿತಾಕ್ಷರಗಳಲ್ಲೂ ತಡವರಿಕೆ ಇದ್ದರೆ ವಿಷಯ ಬೇರೆ. ಕನ್ನಡ ಮಕ್ಕಳಿಗೆ ಅಳತೆಗೋಲು ಇಲ್ಲದಿಲ್ಲ. ನಿಮ್ಹಾನ್ಸ್‌ನ ಪರೀಕ್ಷಾಮಾಲೆ ಬಳಕೆಯಲ್ಲಿದೆ. ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಈ ಕ್ಷೇತ್ರದಲ್ಲಿ ದಶಕಗಳ ಅನುಭವವಿದೆ.

ಅರ್ಕಾವತ್ತಿನ ಪಾಠ

ಲಿಪಿಯ ಒಂದು ಮೂಲೆಯನ್ನು ಹತ್ತಿರದಿಂದ ನೋಡೋಣ. ‘ಕರ್ನಾಟಕ’ ಎಂಬ ಪದದಲ್ಲಿ ಕಿವಿಗೆ ಮೊದಲು ಬೀಳುವುದು ‘ರ್’, ಆಮೇಲೆ ‘ನಾ’. ಕಣ್ಣಿಗೆ ಮೊದಲು ಸಿಗುವುದು ‘ನಾ’, ಅದರ ಬಲಕ್ಕೆ ‘ರ್’ನ ಗುರುತಾದ ಅರ್ಕಾವತ್ತು. ಎಡದಿಂದ ಬಲಕ್ಕೆ ಅಕ್ಷರ ಅಕ್ಷರವಾಗಿ ಓದುವ ಮಗು ‘ಕನಾರ್ಟಕ’ ಎಂದರೆ ಅದು ಕಣ್ಣು ಹೇಳಿದ್ದನ್ನೇ ಓದಿದೆ. ‘ಸೂರ್ಯ’, ‘ವರ್ಷ’, ‘ಕಾರ್ಯ’ ಎಲ್ಲ ಕಡೆ ಇದೇ ಎಡವಟ್ಟು. ಬಹುತೇಕ ಮಕ್ಕಳು ಕೆಲವು ತಿಂಗಳಲ್ಲಿ ಇದನ್ನು ದಾಟುತ್ತಾರೆ. ತೊಡಕುಳ್ಳ ಮಗು ದಾಟುವುದಿಲ್ಲ.

ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಕನ್ನಡದ ಒತ್ತು ಅಕ್ಷರದ ಕೆಳಗೆ, ಮೂಲ ವ್ಯಂಜನಕ್ಕಿಂತ ಚಿಕ್ಕ ಗಾತ್ರದಲ್ಲಿ ಕೂರುತ್ತದೆ. ಅಂದರೆ ಮಗುವಿಗೆ ಯಾವುದು ಅತಿ ಕಷ್ಟವೋ ಪುಟದ ಮೇಲೆ ಅದೇ ಅತಿ ಸಣ್ಣದಾಗಿ ಅಚ್ಚಾಗಿರುತ್ತದೆ. ದ, ಧ, ಥ ಬೇರೆಯಾಗುವುದು ಒಂದು ಚುಕ್ಕೆ, ಒಂದು ಸೀಳಿನಿಂದ. ಹೊಟ್ಟೆ ಸೀಳಿದ್ದೋ ಇಲ್ಲವೋ ಎಂದು ಅಗ್ಗದ ಮೊಬೈಲಿನ ಪರದೆಯಲ್ಲಿ ದೊಡ್ಡವರೂ ಕಣ್ಣು ಕಿರಿದು ಮಾಡಿ ನೋಡಬೇಕು. ಪರದೆಯಿಂದ ಆಗಬಹುದಾದ ಮೊದಲ ಉಪಕಾರ ಇಲ್ಲೇ ಇದೆ, ಅದಕ್ಕೆ ಯಾವ ವಿಶೇಷ ತಂತ್ರಾಂಶವೂ ಬೇಡ: ಅಕ್ಷರ ದೊಡ್ಡದು ಮಾಡುವುದು, ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರ ಹೆಚ್ಚಿಸುವುದು, ಒಂದು ಪರದೆಗೆ ನಾಲ್ಕೈದು ಸಾಲು ಮೀರದಂತೆ ನೋಡಿಕೊಳ್ಳುವುದು. ಅಂತರದ ಬಗ್ಗೆ ಒಳ್ಳೆಯ ಆಧಾರವೂ ಇದೆ. ಮಾರ್ಕೊ ಝೋರ್ಜಿ ಮತ್ತು ಸಂಗಡಿಗರು 2012ರಲ್ಲಿ ಇಟಲಿ ಮತ್ತು ಫ್ರಾನ್ಸಿನ ಡಿಸ್ಲೆಕ್ಸಿಯಾ ಮಕ್ಕಳಿಗೆ ಅಕ್ಷರಗಳ ನಡುವಿನ ಜಾಗ ಹೆಚ್ಚಿಸಿ ಕೊಟ್ಟಾಗ, ಬೇರಾವ ತರಬೇತಿಯೂ ಇಲ್ಲದೆ, ಓದಿನ ನಿಖರತೆ ಮತ್ತು ವೇಗ ಎರಡೂ ಸುಧಾರಿಸಿದವು. ರೋಮನ್ ಲಿಪಿಯ ಫಲಿತಾಂಶವದು. ಕನ್ನಡದಲ್ಲಿ ಅಡ್ಡ ಅಂತರಕ್ಕಿಂತ ಲಂಬ ಅಂತರ ಮುಖ್ಯವಾಗಬಹುದೆಂಬುದು ನನ್ನ ಊಹೆ. ಪರೀಕ್ಷಿಸಿ ನೋಡಬೇಕಾದ ಊಹೆ.

ಡಿಸ್ಲೆಕ್ಸಿಯಾಕ್ಕೆಂದೇ ರೂಪಿಸಿದ ಅಕ್ಷರವಿನ್ಯಾಸಗಳ ಸುದ್ದಿಯನ್ನೂ ಇಲ್ಲೇ ಮುಗಿಸಬಹುದು. ಡಚ್ ವಿನ್ಯಾಸಕ ಕ್ರಿಸ್ಟಿಯಾನ್ ಬೂರ್ 2008ರಲ್ಲಿ ರೂಪಿಸಿದ ‘ಡಿಸ್ಲೆಕ್ಸಿ’ ಫಾಂಟಿನ ಹಿಂದಿನ ತರ್ಕ, ಬಿ ಮತ್ತು ಡಿ, ಪಿ ಮತ್ತು ಕ್ಯೂ ತಿರುಗುಮುರುಗಾಗದಂತೆ ಅಕ್ಷರಗಳ ಬುಡ ದಪ್ಪ ಮಾಡುವುದು. ಅದನ್ನು ಪರೀಕ್ಷಿಸಿದ ಅಧ್ಯಯನಗಳು ಆ ಲಾಭವನ್ನು ಕಾಣಲಿಲ್ಲ. ಕಂಡ ಅಲ್ಪಸ್ವಲ್ಪ ಲಾಭವೂ ಅಗಲ ಅಂತರದಿಂದ ಬಂದದ್ದು. ಕನ್ನಡದಲ್ಲಂತೂ ಕನ್ನಡಿಬಿಂಬದಂಥ ಜೋಡಿಗಳೇ ವಿರಳ. ಆ ತರ್ಕ ಇಲ್ಲಿ ನೆಲೆಯೂರುವುದೇ ಇಲ್ಲ. ಬಣ್ಣದ ಹಾಳೆ, ಬಣ್ಣದ ಕನ್ನಡಕಗಳದ್ದೂ ಅದೇ ಕತೆ. ಡಿಸ್ಲೆಕ್ಸಿಯಾ ಕಣ್ಣಿನ ರೋಗವಲ್ಲ, ಬಣ್ಣದ ಮಸೂರಗಳ ಚಿಕಿತ್ಸೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಆದರೂ ಮಾರಾಟ ನಿಂತಿಲ್ಲ.

ಕಲಿಸುವ ಸಾಧನ, ಹೊರುವ ಸಾಧನ

ತರಗತಿಯ ತಂತ್ರಜ್ಞಾನವನ್ನು ನಾನು ಎರಡಾಗಿ ವಿಂಗಡಿಸುತ್ತೇನೆ. ಓದುವುದನ್ನು ಕಲಿಸಲು ಹೊರಟದ್ದು ಒಂದು. ಓದು ಬಾರದಿದ್ದರೂ ಪಾಠದ ವಿಷಯ ಮಗುವನ್ನು ಮುಟ್ಟುವಂತೆ ಓದಿನ ಭಾರವನ್ನು ತಾನೇ ಹೊರುವುದು ಇನ್ನೊಂದು. ಅಕ್ಷರದಾಟದ ಆ್ಯಪ್ ಮೊದಲನೆಯದು. ಪಾಠವನ್ನು ಓದಿ ಹೇಳುವ ತಂತ್ರಾಂಶ ಎರಡನೆಯದು. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿದಾಗ ಎರಡು ಬಗೆಯ ಅನ್ಯಾಯ ನಡೆಯುತ್ತದೆ. ‘ಓದಿ ಹೇಳಿದರೆ ಮಗು ಓದುವುದನ್ನೇ ಬಿಡುತ್ತದೆ’ ಎಂದು ಎರಡನೆಯದನ್ನು ಕಿತ್ತುಕೊಳ್ಳಲಾಗುತ್ತದೆ. ‘ಟ್ಯಾಬ್ ಕೊಟ್ಟಿದ್ದೇವಲ್ಲ’ ಎಂದು ಮೊದಲನೆಯದರ ಮೇಲೆ ಶಿಕ್ಷಕರ ಕೆಲಸವನ್ನೆಲ್ಲ ಹೇರಲಾಗುತ್ತದೆ.

ಮೊದಲನೆಯ ಬಗೆಯಲ್ಲಿ ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದಲ್ಲಿ ಹೈಕ್ಕಿ ಲ್ಯುಟಿನೆನ್ ಅವರ ತಂಡ ರೂಪಿಸಿದ ‘ಗ್ರಾಫೊಗೇಮ್’. ಹುಟ್ಟಿನಿಂದಲೇ ಡಿಸ್ಲೆಕ್ಸಿಯಾ ಸಂಭವವಿದ್ದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಗಂಭೀರ ಸಂಶೋಧನೆಯ ಫಲ ಅದು. ಮಗು ಧ್ವನಿಯನ್ನು ಕೇಳಿ, ಪರದೆಯ ಮೇಲಿಂದ ಇಳಿದುಬರುವ ಅಕ್ಷರಗಳಲ್ಲಿ ಸರಿಯಾದದ್ದನ್ನು ಮುಟ್ಟಬೇಕು. ಹಲವು ಭಾಷೆಗಳಿಗೆ ಹೋಯಿತು. 2018ರಲ್ಲಿ ಇಂಗ್ಲೆಂಡಿನಲ್ಲಿ ಓದಿನಲ್ಲಿ ಹಿಂದುಳಿದ ಎರಡನೇ ವರ್ಷದ ಮಕ್ಕಳ ಮೇಲೆ ನಡೆದ ಸ್ವತಂತ್ರ ಪರೀಕ್ಷೆಯಲ್ಲಿ ಅದರ ಇಂಗ್ಲಿಷ್ ರೂಪದಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. 2020ರಲ್ಲಿ ಎರಿನ್ ಮ್ಯಾಕ್‌ಟೀಗ್ ಮತ್ತು ಸಂಗಡಿಗರು ಲೋಕದ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಪದ ಓದುವಿಕೆಯ ಮೇಲಿನ ಸರಾಸರಿ ಪರಿಣಾಮ ಸೊನ್ನೆಯ ಆಸುಪಾಸಿಗೆ, –0.02ಕ್ಕೆ, ಬಂತು. ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಕಿ ಇದೆ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಮಗುವಿನ ಜೊತೆ ಆಟದಲ್ಲಿ ತೊಡಗಿದ್ದ ಅಧ್ಯಯನಗಳಲ್ಲಿ ಪರಿಣಾಮ 0.48. ಶಿಕ್ಷಣ ಸಂಶೋಧನೆಯಲ್ಲಿ ಇದು ಸಣ್ಣ ಅಂಕಿಯಲ್ಲ. ಆಟ ಅದೇ; ಪಕ್ಕದಲ್ಲಿ ಮನುಷ್ಯರಿದ್ದಾರೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಇದೊಂದೇ ಪ್ರಕರಣವಲ್ಲ. ‘ಫಾಸ್ಟ್ ಫಾರ್‌ವರ್ಡ್’ ಎಂಬ ಅಮೆರಿಕದ ದುಬಾರಿ ತಂತ್ರಾಂಶ 1990ರ ದಶಕದಲ್ಲಿ ನರವಿಜ್ಞಾನದ ಹೆಸರಿನಲ್ಲಿ ಬಂದು ಸಾವಿರಾರು ಶಾಲೆಗಳನ್ನು ಹೊಕ್ಕಿತು. 2011ರ ಸಮಗ್ರ ವಿಶ್ಲೇಷಣೆ ಓದಿನ ತೊಡಕಿಗೆ ಅದರಿಂದ ಲಾಭವಾಗುವ ಆಧಾರವಿಲ್ಲ ಎಂದಿತು. ನಮ್ಮ ದೇಶದ ಉದಾಹರಣೆ ಹೆಚ್ಚು ಆಶಾದಾಯಕ. ದೆಹಲಿಯ ‘ಮೈಂಡ್‌ಸ್ಪಾರ್ಕ್’ ತಂತ್ರಾಂಶದ ಕೇಂದ್ರಗಳ ಬಗ್ಗೆ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗನಿಮಿಯನ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಪ್ರಮಾಣ ವಿಚಲನೆಯಷ್ಟು ಏರಿಕೆ ಕಂಡುಬಂತು. ಅವರು ಡಿಸ್ಲೆಕ್ಸಿಯಾ ಎಂದು ಗುರುತಿಸಿದ ಮಕ್ಕಳಲ್ಲ, ತರಗತಿಗಿಂತ ಎಷ್ಟೋ ಹಿಂದುಳಿದಿದ್ದ ಮಕ್ಕಳು. ಈ ಭೇದವನ್ನು ಮರೆಯಬಾರದು. ಆ ತಂತ್ರಾಂಶದ ಬಲ ಇದ್ದದ್ದು ಪ್ರತಿ ಮಗುವನ್ನೂ ಅದು ನಿಂತಲ್ಲಿಂದಲೇ ಶುರು ಮಾಡಿಸಿದ್ದರಲ್ಲಿ. ಅಲ್ಲೂ ಅರ್ಧ ಹೊತ್ತು ಕಂಪ್ಯೂಟರ್, ಉಳಿದರ್ಧ ಸಣ್ಣ ಗುಂಪಿನಲ್ಲಿ ಬೋಧಕರ ಪಾಠ. ಪತ್ರಿಕೆಗಳ ವರದಿಯಲ್ಲಿ ಈ ಎರಡನೆಯ ಅರ್ಧ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಕನ್ನಡಕ್ಕೆ ಇಂಥ ಕಲಿಸುವ ತಂತ್ರಾಂಶ ಮಾಡಹೊರಟವರು ಮೊದಲು ನಿರ್ಧರಿಸಬೇಕಾದದ್ದು ಅಕ್ಷರಗಳ ಅನುಕ್ರಮ. ಮಾರುಕಟ್ಟೆಯಲ್ಲಿ ಸಿಗುವ ಆ್ಯಪ್‌ಗಳು ಬಹುಪಾಲು ‘ಅ ಅರಸ, ಆ ಆನೆ’ ಎಂದೇ ಶುರುವಾಗುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಬೋಧನಾಕ್ರಮದಲ್ಲಿ ಮಗು ಮೊದಲು ಕಲಿಯುವುದು ‘ರ ಗ ಸ ದ ಅ’. ಬರೆಯಲು ಸುಲಭವಾದ, ಕೂಡಲೇ ಪದ ಕಟ್ಟಲು ಬರುವ ಅಕ್ಷರಗಳವು: ಅರಸ, ಗರಗಸ, ದರ. ನಲಿಕಲಿಯ ಕಾರ್ಡುಗಳು, ಕಲಿಕಾ ಏಣಿ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಏರ್ಪಾಡು ಇವೆಲ್ಲ ತಂತ್ರಾಂಶದವರು ಇಂದು ಹೊಸದೆಂದು ಮಾರುವ ‘ವೈಯಕ್ತಿಕ ಕಲಿಕೆ’ಯ ವಿದ್ಯುತ್ ಬೇಡದ ರೂಪ. ತರಗತಿಯಲ್ಲಿ ಒಂದು ಅನುಕ್ರಮ, ಟ್ಯಾಬಿನಲ್ಲಿ ಇನ್ನೊಂದು ಎಂದಾದರೆ ಗಟ್ಟಿಗ ಮಗು ಎರಡನ್ನೂ ಅರಗಿಸಿಕೊಳ್ಳುತ್ತದೆ. ತೊಡಕುಳ್ಳ ಮಗುವಿಗೆ ಅದು ಎರಡು ಪಾಲು ಹೊರೆ. ಆದ್ದರಿಂದ ಅಕ್ಷರದಾಟದ ತಂತ್ರಾಂಶದಲ್ಲಿ ಯಾವ ಅಕ್ಷರಗಳು ಇಂದು ಬರಬೇಕೆಂದು ಆರಿಸುವ ಅಧಿಕಾರ ಶಿಕ್ಷಕರ ಕೈಯಲ್ಲಿರಬೇಕು. ಈ ಒಂದು ಸೌಲಭ್ಯವಿಲ್ಲದ ಆ್ಯಪನ್ನು ನಾನು ಯಾವ ಶಾಲೆಗೂ ಶಿಫಾರಸು ಮಾಡಲಾರೆ, ಅದರ ಚಿತ್ರಗಳು ಎಷ್ಟೇ ಚೆಂದವಿರಲಿ.

ಎರಡನೆಯ ತೊಂದರೆ ಇನ್ನೂ ಒಳಗಿನದು. ಕಂಪ್ಯೂಟರಿಗೆ ‘ಕನ್ನಡ’ ಎಂಬ ಪದ ಐದು ಸಂಕೇತಗಳ ಸಾಲು: ಕ, ನ, ವಿರಾಮ ಚಿಹ್ನೆ, ನ, ಡ. ಮಗುವಿಗೆ ಅದು ಮೂರು ಅಕ್ಷರ. ಪದವನ್ನು ಅಕ್ಷರಗಳಾಗಿ ಬಿಡಿಸಿ ತೋರಿಸುವ, ಓದುತ್ತಿರುವ ಅಕ್ಷರಕ್ಕೆ ಬಣ್ಣ ಹಚ್ಚುವ ತಂತ್ರಾಂಶ ಈ ಐದನ್ನು ಮೂರಾಗಿ ಕೂಡಿಸಬೇಕು. ಯೂನಿಕೋಡಿನ ಸಾಮಾನ್ಯ ನಿಯಮ ಹಾಗೆ ಮಾಡುವುದಿಲ್ಲ. ‘ಕ, ನ್, ನ, ಡ’ ಎಂದು ನಾಲ್ಕು ಮಾಡುತ್ತದೆ. 2023ರ 15.1ನೇ ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ, ತೆಲುಗು ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಂದೇ ಘಟಕವಾಗಿ ಹಿಡಿಯುವ ನಿಯಮ ಸೇರಿತು. ಕನ್ನಡ ಆ ಸಾಲಿನಲ್ಲಿ ಇರಲಿಲ್ಲ. ಕನ್ನಡ ತಂತ್ರಾಂಶ ಬರೆಯುವವರು ಈ ಕೂಡಿಕೆಯನ್ನು ತಾವೇ ಬರೆದುಕೊಳ್ಳಬೇಕು. ದೊಡ್ಡ ಕೆಲಸವೇನಲ್ಲ, ಆದರೆ ಗೊತ್ತಿಲ್ಲದವರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಪರದೆಯ ಮೇಲೆ ‘ನ್’ ಒಂದು ಬಣ್ಣ, ‘ನ’ ಇನ್ನೊಂದು ಬಣ್ಣವಾಗಿ, ಮಗು ತನ್ನ ಪುಸ್ತಕದಲ್ಲಿ ಎಂದೂ ಕಾಣದ ರೂಪಗಳು ಕುಣಿಯತೊಡಗುತ್ತವೆ.

ಓದಿ ಹೇಳುವ ದನಿ

ಹೊರುವ ಸಾಧನಗಳಲ್ಲಿ ಮುಖ್ಯವಾದದ್ದು ಪಠ್ಯವನ್ನು ದನಿಯಾಗಿಸುವ ತಂತ್ರಾಂಶ. ಸಾರಾ ವುಡ್ ಮತ್ತು ಸಂಗಡಿಗರ 2018ರ ವಿಶ್ಲೇಷಣೆಯಲ್ಲಿ ಓದಿನ ತೊಡಕುಳ್ಳವರ ಗ್ರಹಿಕೆಯ ಮೇಲೆ ಇದರ ಸರಾಸರಿ ಪರಿಣಾಮ 0.35. ಪವಾಡವಲ್ಲ, ಆದರೆ ನೆಚ್ಚಬಹುದಾದ ಲಾಭ. ಐದನೇ ತರಗತಿಯ ಮಗುವಿಗೆ ವಿಜ್ಞಾನದ ಪಾಠದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂಬ ಪದ ಎದುರಾದಾಗ ಆ ಗಂಟನ್ನು ಬಿಡಿಸುವುದರಲ್ಲೇ ಅವಧಿ ಮುಗಿಯಬಾರದು. ಎಲೆ ಏನು ಮಾಡುತ್ತದೆ ಎಂಬುದು ಅದಕ್ಕೆ ತಿಳಿಯಬೇಕು. ಅಕ್ಷರದಲ್ಲಿ ಹಿಂದುಳಿದ ಮಗು ವಿಷಯದಲ್ಲೂ ಹಿಂದುಳಿಯುತ್ತ ಹೋಗುವುದನ್ನು ತಡೆಯುವುದು ಈ ಸಾಧನದ ಕೆಲಸ. ಓದು ಕಲಿಸುವ ಪಾಠ ಬೇರೆ ಅವಧಿಯಲ್ಲಿ ನಡೆಯಬೇಕು; ಒಂದರ ಬದಲಿಗೆ ಇನ್ನೊಂದಲ್ಲ.

ಆದರೆ ದನಿ ಬರಬೇಕಾದರೆ ಪಠ್ಯ ಯಂತ್ರಕ್ಕೆ ಅರ್ಥವಾಗಬೇಕು. ಕನ್ನಡದ ದೊಡ್ಡ ಅಡ್ಡಿ ಇಲ್ಲಿದೆ. ಕನ್ನಡದ ಡಿಜಿಟಲ್ ಬರಹದ ಸಾಕಷ್ಟು ಭಾಗ ಇನ್ನೂ ಹಳೆಯ ಆಸ್ಕಿ ಫಾಂಟುಗಳಲ್ಲಿ ಅಡಗಿದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಕಾಣುವ ಪದ ಒಳಗೆ ಇರುವುದು ಹೀಗೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಜರ್ಮನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಓದಿ ಹೇಳುವ ತಂತ್ರಾಂಶಕ್ಕೆ ಕಾಣುವುದು ಈ ಏಳು ಗುರುತುಗಳು ಮಾತ್ರ. ಅದು ಸುಮ್ಮನಿರುತ್ತದೆ, ಇಲ್ಲವೇ ಇಂಗ್ಲಿಷ್ ಅಕ್ಷರಗಳನ್ನು ಗೊಣಗುತ್ತದೆ. ಇನ್ನೂ ಸ್ವಾರಸ್ಯದ ಸಂಗತಿ ಅರ್ಕಾವತ್ತಿನದು. ಹಳೆಯ ಫಾಂಟು ಅದನ್ನು ಕಣ್ಣಿನ ಕ್ರಮದಲ್ಲಿ, ‘ನಾ’ ಆದಮೇಲೆ, ಇಡುತ್ತದೆ. ಯೂನಿಕೋಡ್ ಅದನ್ನು ಕಿವಿಯ ಕ್ರಮದಲ್ಲಿ, ‘ನಾ’ಕ್ಕಿಂತ ಮೊದಲು, ಇಡುತ್ತದೆ. ‘ಕನಾರ್ಟಕ’ ಎಂದ ಮಗುವಿನ ಗೊಂದಲವೂ ಈ ಎರಡು ಸಂಕೇತ ಪದ್ಧತಿಗಳ ಭಿನ್ನಾಭಿಪ್ರಾಯವೂ ಒಂದೇ.

ಪರಿಹಾರಗಳು ಇಲ್ಲದಿಲ್ಲ. ನುಡಿಯ ಈಚಿನ ಆವೃತ್ತಿಗಳು ಯೂನಿಕೋಡ್ ಬಲ್ಲವು. ಆಸ್ಕಿಯಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರ ಎತ್ತಲು ಭಾರತೀಯ ವಿಜ್ಞಾನ ಸಂಸ್ಥೆಯ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ‘ಲಿಪಿ ಜ್ಞಾನಿ’ಯನ್ನು ರೂಪಿಸಿದೆ. ದನಿಯ ಮಟ್ಟಿಗೆ ಉಚಿತವಾದ ಇ-ಸ್ಪೀಕ್ ಕನ್ನಡ ಓದುತ್ತದೆ, ಒರಟಾಗಿ. ಆಂಡ್ರಾಯ್ಡ್ ಫೋನುಗಳ ಕನ್ನಡ ದನಿ ಅದಕ್ಕಿಂತ ಎಷ್ಟೋ ಮೇಲು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಕತೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕತೆಗಳು ಯೂನಿಕೋಡಿನಲ್ಲಿ ಇವೆ. ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. 2012ರ ತಿದ್ದುಪಡಿಯ ಬಳಿಕ ನ್ಯೂನತೆಯುಳ್ಳವರಿಗೆ ಓದಲು ಬರುವ ರೂಪಕ್ಕೆ ಪುಸ್ತಕವನ್ನು ಮಾರ್ಪಡಿಸುವುದು ಕಾನೂನುಬದ್ಧ. ಅಚ್ಚಾದದ್ದನ್ನು ಓದಲಾಗದವರಿಗೆ ಪುಸ್ತಕ ದಕ್ಕಿಸುವ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಅಂಧರಿಗೆ ಮಾತ್ರವಲ್ಲ, ಅಚ್ಚಾದದ್ದನ್ನು ಓದಲಾಗದ ಎಲ್ಲರಿಗೂ ಮೀಸಲು. ಡಿಸ್ಲೆಕ್ಸಿಯಾದ ಮಗುವೂ ಅದರ ಹಕ್ಕುದಾರ ಎಂಬುದು ಎಷ್ಟೋ ಶಾಲೆಗಳಿಗೆ ತಿಳಿದಿಲ್ಲ.

ಮಗು ಓದಿದ್ದನ್ನು ಕೇಳಿ ತಪ್ಪು ತೋರಿಸುವ ತಂತ್ರಾಂಶಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಹಳೆ ಮೈಸೂರಿನ ಮಗು ‘ಹಾಲು’ ಎಂದು ಕಂಡು ‘ಆಲು’ ಎಂದರೆ, ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ನುಡಿದರೆ, ಅದು ಓದಿದ ತಪ್ಪಲ್ಲ, ಮನೆಮಾತಿನ ಉಚ್ಚಾರ. ಪಕ್ಕದಲ್ಲಿ ಕೂತ ಮೇಷ್ಟರಿಗೆ ಈ ಭೇದ ತಾನಾಗಿ ತಿಳಿಯುತ್ತದೆ. ಗ್ರಂಥಸ್ಥ ಕನ್ನಡದ ಮೇಲೆ ತರಬೇತಾದ ಯಂತ್ರ ಎರಡಕ್ಕೂ ಕೆಂಪು ಗುರುತು ಹಾಕುತ್ತದೆ. ಮೊದಲೇ ಓದಲು ಹೆದರುವ ಮಗುವಿಗೆ ಅದು ಮಾತನಾಡಲೂ ಹೆದರುವ ಕಾರಣವಾಗಬಾರದು. ಕಲಬುರಗಿ, ಮಂಗಳೂರು, ಚಾಮರಾಜನಗರದ ಮಕ್ಕಳ ದನಿಗಳಿಂದ ಕಲಿಯುವವರೆಗೂ ಇಂಥದ್ದನ್ನು ಮೌಲ್ಯಮಾಪನಕ್ಕೆ ಬಳಸಬಾರದು.

ಕೀಲಿಮಣೆಯ ಸಾಧ್ಯತೆ

ಬರವಣಿಗೆಯ ತೊಡಕುಳ್ಳ ಮಕ್ಕಳಿಗೆ ಟೈಪಿಂಗ್ ಕೊಡುವುದು ಎಲ್ಲೆಡೆ ರೂಢಿ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಆಯಾಮವಿದೆ ಎಂದು ನನಗೆ ಅನ್ನಿಸುತ್ತದೆ. ಕೆ. ಪಿ. ರಾವ್ ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ಮೂಲಕ ನುಡಿಯಲ್ಲಿ ಬಳಕೆಗೆ ಬಂದ ಕೀಲಿಮಣೆಯಲ್ಲಿ ‘ಕಾ’ ಬೇಕಾದರೆ ಮೊದಲು ವ್ಯಂಜನ, ಆಮೇಲೆ ಸ್ವರ ಒತ್ತಬೇಕು. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ‘ನ್ನ’ ಎಂದರೆ ನ, ಎಫ್, ನ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸ, ಎಫ್, ತ, ಎಫ್, ರ, ಈ ಎಂದು ಆರು ಒತ್ತು. ಅರ್ಕಾವತ್ತೂ ಕಿವಿಯ ಕ್ರಮದಲ್ಲೇ: ಮೊದಲು ರ, ಎಫ್, ಆಮೇಲೆ ನ. ಅಂದರೆ ಕೈಬರಹದಲ್ಲಿ ಒಂದೇ ಚಿತ್ರವಾಗಿ ಕಾಣುವ ಅಕ್ಷರ ಬೆರಳ ತುದಿಯಲ್ಲಿ ತನ್ನ ಧ್ವನಿಗಳಾಗಿ ಬಿಚ್ಚಿಕೊಳ್ಳುತ್ತದೆ. ಕನ್ನಡದ ಮಗುವಿಗೆ ತಡವಾಗಿ ಮೂಡುವುದೂ, ತೊಡಕುಳ್ಳ ಮಗುವಿಗೆ ಮೂಡದೇ ಉಳಿಯುವುದೂ ಇದೇ ಬಿಚ್ಚುವಿಕೆ. ಬರೆಯುವ ಹೊರೆ ಇಳಿಸಲೆಂದು ಕೊಟ್ಟ ಕೀಲಿಮಣೆ ಧ್ವನಿಯ ಅರಿವನ್ನೂ ಕಲಿಸಬಲ್ಲದೇ? ಎರಡನೇ ಮತ್ತು ಮೂರನೇ ತರಗತಿಯ ಮಕ್ಕಳ ಎರಡು ಗುಂಪು ಮಾಡಿ, ಒಂದಕ್ಕೆ ಈ ಕೀಲಿಮಣೆ, ಇನ್ನೊಂದಕ್ಕೆ ಅಷ್ಟೇ ಹೊತ್ತು ಕೈಬರಹ ಕೊಟ್ಟು, ಮುಂಚೆ ಮತ್ತು ಆಮೇಲೆ ಒತ್ತಕ್ಷರದ ಓದನ್ನೂ ಧ್ವನಿ ಬೇರ್ಪಡಿಸುವಿಕೆಯನ್ನೂ ಅಳೆಯುವ ಅಧ್ಯಯನ ಕಷ್ಟದ್ದೂ ಅಲ್ಲ, ದುಬಾರಿಯೂ ಅಲ್ಲ. ಒಬ್ಬ ಎಂ.ಎಡ್. ವಿದ್ಯಾರ್ಥಿ ಒಂದು ವರ್ಷದಲ್ಲಿ ಮಾಡಬಹುದಾದದ್ದು.

ಹಣ ಎಲ್ಲಿಗೆ?

ಮೇಲಿನ ಆಧಾರಗಳಿಂದ ನಾನು ತಲುಪುವ ತೀರ್ಮಾನ ಸಾಧನ ಮಾರುವವರಿಗೆ ರುಚಿಸಲಾರದು. ಓದಿನ ತೊಡಕುಳ್ಳ ಕನ್ನಡ ಮಗುವಿಗೆ ಮೀಸಲಾದ ಮೊದಲ ಹಣ ಟ್ಯಾಬಿಗೆ ಹೋಗಬೇಕಿಲ್ಲ. ಪಕ್ಕದಲ್ಲಿ ಕೂರುವ ಮನುಷ್ಯರಿಗೆ ಹೋಗಬೇಕು. ಬ್ಲಾಕಿನ ತುಂಬ ಹರಡಿರುವ ಶಾಲೆಗಳಿಗೆಲ್ಲ ಓಡಾಡುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿ ಶಿಕ್ಷಕರು ಎಲ್ಲ ಬಗೆಯ ನ್ಯೂನತೆಯ ಮಕ್ಕಳನ್ನೂ ನೋಡಬೇಕು. ಗ್ರಾಫೊಗೇಮಿನ ಆ 0.48 ಅವರಿಂದಾಗಲಿ, ತರಗತಿಯ ಶಿಕ್ಷಕರಿಂದಾಗಲಿ ಬರಬೇಕಾದರೆ ಒಂದು ಮಗುವಿನ ಪಕ್ಕ ದಿನಕ್ಕೆ ಕಾಲು ಗಂಟೆ ಕೂರುವ ಬಿಡುವು ಅವರಿಗೆ ಇರಬೇಕು. ಪರದೆ ಆ ಕಾಲು ಗಂಟೆಯನ್ನು ಹೆಚ್ಚು ಫಲಕಾರಿ ಮಾಡಬಹುದು, ಅದರ ಜಾಗ ತುಂಬಲಾರದು.

ಎರಡನೆಯ ಹಣವಂತೂ ಬಹಳ ಕಡಿಮೆ ಸಾಕು. ಪಠ್ಯಪುಸ್ತಕ ಸಿದ್ಧಪಡಿಸುವವರು, ನೋಟ್ಸ್ ಬರೆಯುವ ಶಿಕ್ಷಕರು, ಪ್ರಶ್ನೆಪತ್ರಿಕೆ ಟೈಪ್ ಮಾಡುವ ಡಿಟಿಪಿ ಅಂಗಡಿಯವರು ಎಲ್ಲರಲ್ಲೂ ನನ್ನ ಕೋರಿಕೆ ಒಂದೇ: ಮಾಡಿದ್ದನ್ನು ಯೂನಿಕೋಡಿನಲ್ಲಿ ಮಾಡಿ, ಪಿಡಿಎಫ್ ಜೊತೆಗೆ ಪಠ್ಯದ ಕಡತವನ್ನೂ ಕೊಡಿ. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ಮೊಬೈಲಿನ ಸಂದೇಶಕ್ಕೆ ಅಂಟಿಸಿ ನೋಡಿ. ಅಲ್ಲಿ ಕನ್ನಡ ಕಾಣದಿದ್ದರೆ ಅದನ್ನು ಯಾವ ದನಿಯೂ ಓದಿ ಹೇಳಲಾರದು.